ಮುಂಭಾರ, ಹಿಂಭಾರ: ಟ್ರೈಲರ್ ಕಟ್ಟುವ ಮುನ್ನ ಒಂದು ಲೆಕ್ಕ

ಕೊಯ್ಲಿನ ಕಾಲ ಹತ್ತಿರ ಬಂದಂತೆಲ್ಲ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಹೊಸದು ಸೇರಿಕೊಂಡಿದೆ. "ಪಿಕಪ್ಪಿಗೆ ಒಂದು ಟ್ರೈಲರ್ ಕಟ್ಟಿಕೊಂಡರೆ ಹೇಗೆ?" ಎಂಬುದೇ ಅದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬಾಡಿಗೆ ಲಾರಿ ಬೇಕಾದ ದಿನ ಸಿಗುವುದಿಲ್ಲ, ಸಿಕ್ಕರೂ ಹತ್ತಿಪ್ಪತ್ತು ಚೀಲಕ್ಕೆ ಬರಲು ಒಪ್ಪುವುದಿಲ್ಲ. ಎರಡು ಸಲ ಹೋಗುವ ಕಡೆ ಒಂದೇ ಸಲಕ್ಕೆ ಮುಗಿದರೆ ಡೀಸೆಲೂ ಉಳಿಯಿತು, ಆಳಿನ ಅರ್ಧ ದಿನವೂ ಉಳಿಯಿತು. ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ. ಹಾಕದೆ ಬಿಡುವ ಇನ್ನೊಂದು ಲೆಕ್ಕವಿದೆ. ಅದನ್ನು ಹಾಕದೆ ಬಿಟ್ಟವರಲ್ಲಿ ನಾವೂ ಒಬ್ಬರಾದ್ದರಿಂದ ಆ ಕಥೆಯನ್ನು ಮೊದಲು ಹೇಳಿ ಮುಂದುವರಿಯುತ್ತೇವೆ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನಮ್ಮ ಹಳೆಯ ಜೀಪಿಗೆ ಎರಡು ಗಾಲಿಯ ಟ್ರೈಲರ್ ಕಟ್ಟಿ ಮೇಲಿನ ಕಣದಿಂದ ಹದಿನಾಲ್ಕು ಚೀಲ ಚೆರಿ ಕಾಫಿ ಇಳಿಸುತ್ತಿದ್ದೆವು. ಮುಂದುಗಡೆ ಪಂಪಿನ ಪೈಪುಗಳನ್ನು ಇಡಬೇಕೆಂದು ಜಾಗ ಬಿಟ್ಟು, ಹೆಚ್ಚಿನ ಚೀಲಗಳನ್ನು ಹಿಂದಕ್ಕೆ ಒಟ್ಟಿದ್ದೆವು. ಚೀಲದ ಮೇಲೆ ನಮ್ಮ ತೋಟದ ಹಳೆಯ ಆಳು ಕುಳಿತಿದ್ದರು. ಚಕ್ರ ಹಿಡಿದವರು ನಾವೇ. ಇಳಿಜಾರಿನ ಅರ್ಧದಲ್ಲಿ ಟ್ರೈಲರಿನ ಹಿಂಭಾಗ ಹಾವಿನ ಹಾಗೆ ಅತ್ತಿತ್ತ ಆಡತೊಡಗಿತು. ಹೆದರಿ ಬ್ರೇಕ್ ಒತ್ತಿದೆವು. ಜೀಪು ನಿಲ್ಲಲು ನೋಡಿತು, ಟ್ರೈಲರ್ ನಿಲ್ಲಲಿಲ್ಲ; ಜೀಪಿನ ಬಾಲವನ್ನು ಪಕ್ಕಕ್ಕೆ ನೂಕಿಕೊಂಡು ಎರಡೂ ಸೇರಿ ಚರಂಡಿಗೆ ಬಿದ್ದವು. ಮೇಲೆ ಕುಳಿತಿದ್ದವರ ತೊಡೆಯ ಮೂಳೆ ಮುರಿಯಿತು. ಅವರು ಈಗ ನಡೆಯುತ್ತಾರೆ, ಆದರೆ ಮರ ಹತ್ತುವುದಿಲ್ಲ. ಮೆಣಸು ಕೊಯ್ಯುವುದರಲ್ಲಿ ಅವರಷ್ಟು ಚುರುಕಾದವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ.

ಬ್ರೇಕು ಸರಿ ಇರಲಿಲ್ಲವೆಂದೋ ರಸ್ತೆ ಸರಿ ಇರಲಿಲ್ಲವೆಂದೋ ಬಹಳ ದಿನ ನಮಗೆ ನಾವೇ ಹೇಳಿಕೊಂಡೆವು. ಅದು ಹಾಗಲ್ಲವೆಂದು ತಿಳಿದದ್ದು ಬೆಂಗಳೂರಿನ ಶಿವಾಜಿನಗರದಲ್ಲಿ.

ಕಳೆದ ಬೇಸಗೆಯಲ್ಲಿ ಕಾಫಿ ಮಂಡಳಿಯ ಕಚೇರಿಯಲ್ಲಿ ಸಂಘದ ಕೆಲಸವಿತ್ತು. ಅದು ಮಧ್ಯಾಹ್ನಕ್ಕೆ ಮುಗಿದುದರಿಂದ, ನಮ್ಮ ಸದಸ್ಯರೊಬ್ಬರು ಬಹುದಿನದಿಂದ ಕೇಳುತ್ತಿದ್ದ ಟ್ರೈಲರನ್ನು ವಿಚಾರಿಸೋಣವೆಂದು ಅವರ ಪಿಕಪ್ಪಿನಲ್ಲೇ ಶಿವಾಜಿನಗರಕ್ಕೆ ಹೋದೆವು. 1927ರ ರಸೆಲ್ ಮಾರ್ಕೆಟ್ ಕಟ್ಟಡವನ್ನೂ ಸೇಂಟ್ ಮೇರಿ ಬೆಸಿಲಿಕಾವನ್ನೂ ನೋಡದವರು ನಮ್ಮಲ್ಲಿ ಕಡಿಮೆ. ಅಲ್ಲಿಂದ ಒಳಗಿನ ಬೀದಿಗಳಿಗೆ ಹೊಕ್ಕರೆ ಹಳೆಯ ಗಾಡಿಗಳ ಬಿಡಿಭಾಗದ ಅಂಗಡಿಗಳು ಸಿಗುತ್ತವೆ. ಅಚ್ಚು, ಪಟ್ಟಾ, ಗೇರ್ ಪೆಟ್ಟಿಗೆ ಎಲ್ಲ ತೆಂಗಿನಕಾಯಿಯ ಹಾಗೆ ರಾಶಿ ಬಿದ್ದಿರುತ್ತವೆ. ಅಂಥ ಒಂದು ಅಂಗಡಿಯ ಮುಂದೆ ಒಳ್ಳೆಯದೊಂದು ಎರಡು ಗಾಲಿಯ ಟ್ರೈಲರ್ ನಿಂತಿತ್ತು. ಬೆಲೆಯೂ ಹೆಚ್ಚೆನಿಸಲಿಲ್ಲ.

ಅಂಗಡಿಯ ಮೇಸ್ತ್ರಿ ಅರವತ್ತು ದಾಟಿದ ಸಾಬರು. ಟ್ರೈಲರನ್ನು ಹೊಗಳುವ ಬದಲು ಅವರು ಪಿಕಪ್ಪಿನ ಕೆಳಗೆ ಬಗ್ಗಿ ನೋಡಿ ಎದ್ದು, "ಗಾಡಿ ಕಾಗದ ತೋರ್ಸಿ ಸಾರ್. ಟ್ರೈಲರ್ ಮಾತು ಆಮೇಲೆ" ಎಂದರು. ಕಾಗದ ನೋಡಿದ ಮೇಲೆ ಗಾಡಿಯ ಜತೆ ಕೊಟ್ಟ ಕೈಪಿಡಿ ಇದೆಯೇ ಎಂದು ಕೇಳಿದರು. ಡ್ಯಾಶ್‌ಬೋರ್ಡಿನ ಒಳಗಿಂದ ಅದನ್ನು ತೆಗೆದು ಹಾಳೆ ತಿರುವಿದರೆ, ಎಳೆಯುವ ತೂಕದ ಬಗ್ಗೆ ಒಂದು ಸಾಲೂ ಇರಲಿಲ್ಲ. "ಕಂಪನಿಯವರು ಎಳೀಬಹುದು ಅಂತ ಬರೆದಿಲ್ಲ ಅಂದ್ರೆ ಎಳೀಬಾರ್ದು ಅಂತಾನೇ ಅರ್ಥ ಸಾರ್. ಹುಕ್ ಹಾಕ್ಕೊಡೋರು ಈ ಬೀದೀಲೇ ಹತ್ತು ಜನ ಸಿಗ್ತಾರೆ. ನಾನು ಹಾಕಲ್ಲ" ಎಂದುಬಿಟ್ಟರು. ಕೈಗೆ ಬಂದ ವ್ಯಾಪಾರ ಬಿಟ್ಟ ಅಂಗಡಿಯವರನ್ನು ನಾವು ಹೆಚ್ಚು ಕಂಡಿಲ್ಲ. ನಮ್ಮ ಜೀಪಿನ ಕಥೆ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೂಟೆ ಎಲ್ಲಿ ಇಟ್ಟಿದ್ರಿ?"

ಊರಿಗೆ ಬಂದು ಲೆಕ್ಕ ಹಾಕಿದೆವು. ಅದನ್ನು ಕೆಳಗೆ ಬಿಡಿಸಿ ಹೇಳುತ್ತೇವೆ. ಅದಕ್ಕೂ ಮುಂಚೆ ಕಾಗದದ ವಿಚಾರ.

ಗಾಡಿಯ ಆರ್.ಸಿ.ಯಲ್ಲಿ ಎರಡು ತೂಕಗಳಿರುತ್ತವೆ. ಒಂದು ಖಾಲಿ ಗಾಡಿಯ ತೂಕ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದರಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಇನ್ನೊಂದು ಹೊರೆ, ಜನ ಎಲ್ಲ ಸೇರಿ ಮೀರಬಾರದ ಒಟ್ಟು ತೂಕ. ಟ್ರೈಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಂದು ಗಾಡಿ. ಅದಕ್ಕೂ ನೋಂದಣಿ ಬೇಕು, ಅದಕ್ಕೂ ಇವೇ ಎರಡು ತೂಕಗಳಿರುತ್ತವೆ. ಎಳೆಯುವ ಗಾಡಿಯ ನಂಬರನ್ನು ಟ್ರೈಲರಿನ ಹಿಂದೆ ಬರೆಸಬೇಕೆಂದೂ ಕಾಯಿದೆ ಹೇಳುತ್ತದೆ. ಇವುಗಳ ಮೇಲೆ ಮೂರನೆಯದೊಂದು ಮಿತಿಯಿದೆ. ಗಾಡಿ, ಟ್ರೈಲರ್ ಮತ್ತು ಎರಡರ ಹೊರೆ ಸೇರಿ ಎಷ್ಟಿರಬಹುದೆಂಬುದನ್ನು ತಯಾರಕರು ಹೇಳಿರಬೇಕು. ಮೇಸ್ತ್ರಿ ಹುಡುಕಿದ್ದು ಅದನ್ನೇ. ಅಲ್ಲದೆ ಪ್ರತಿ ಅಚ್ಚಿಗೂ ಮಿತಿಯಿದೆ. ದೊಡ್ಡ ಲಾರಿಗಳಿಗೆ ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಇದನ್ನು ಏರಿಸಿತು. ನಾಲ್ಕು ಟೈರಿನ ಒಂದು ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಆ ಸುದ್ದಿ ಕೇಳಿ "ಈಗ ಎಲ್ಲ ಗಾಡಿಗೂ ಜಾಸ್ತಿ ಹೇರಬಹುದಂತೆ" ಎಂದು ನಂಬಿದವರು ನಮ್ಮಲ್ಲಿದ್ದಾರೆ. ನಿಮ್ಮ ಗಾಡಿಯ ಕಾಗದದಲ್ಲಿ ಬರೆದದ್ದೇ ನಿಮಗೆ ಮಿತಿ.

ದಂಡದ ವಿಷಯವನ್ನೂ ಹೇಳಿಬಿಡೋಣ. 2019ರ ತಿದ್ದುಪಡಿಯ ನಂತರ ಕಾಯಿದೆಯ 194ನೇ ಕಲಮಿನಲ್ಲಿ ಮಿತಿ ಮೀರಿದ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಎಂದಿದೆ. ಹೆಚ್ಚಿನ ಹೊರೆ ಇಳಿಸುವ ಖರ್ಚೂ ನಮ್ಮದೇ, ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ತೂಕಕ್ಕೆ ನಿಲ್ಲಿಸದೆ ಓಡಿಸಿಕೊಂಡು ಹೋದರೆ 40,000. ಡ್ರೈವರ್ ಬೇರೆ, ಮಾಲೀಕ ಬೇರೆ ಆಗಿದ್ದರೆ, ಮಾಲೀಕನಿಗೆ ತಿಳಿದೇ ಹೊರೆ ಹೇರಲಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು. "ಹುಡುಗ ಹೇರಿಬಿಟ್ಟ ಸ್ವಾಮಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಈಗ ಪಿಕಪ್ಪಿನ ಲೆಕ್ಕ. ತಯಾರಕರು ಎಳೆಯಲು ಒಪ್ಪಿಗೆ ಕೊಟ್ಟಿರುವ ಒಂದು ಗಾಡಿಯ ಖಾಲಿ ತೂಕ 1,700 ಕೆ.ಜಿ., ಒಟ್ಟು ಮಿತಿ 3,000 ಕೆ.ಜಿ. ಎಂದಿಟ್ಟುಕೊಳ್ಳೋಣ. ಉಳಿದದ್ದು 1,300. ಐವತ್ತು ಕೆ.ಜಿ.ಯ ಚೀಲವಾದರೆ 26 ಚೀಲ ಎಂದು ಎಲ್ಲರೂ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಆದರೆ ಡ್ರೈವರ್ ಮತ್ತು ಇಬ್ಬರು ಆಳುಗಳಿಗೆ 190 ಕಳೆಯಬೇಕು. ಹಗ್ಗ, ತಾಡಪಾಲಿಗೆ 40. ಕೊಕ್ಕೆ ಕೂರಿಸಲು ಹಾಕಿದ ಕಬ್ಬಿಣಕ್ಕೆ 30. ಕೊನೆಯದಾಗಿ, ಎಲ್ಲರೂ ಮರೆಯುವುದು: ಟ್ರೈಲರಿನ ಮೂಕಿ ಕೊಕ್ಕೆಯ ಮೇಲೆ ಊರಿಕೊಂಡಿರುವ ಭಾರ ಪಿಕಪ್ಪಿನ ಹೊರೆಯೇ ಹೊರತು ಟ್ರೈಲರಿನದಲ್ಲ. ಅದಕ್ಕೆ 100 ಹಿಡಿಯಿರಿ. ಉಳಿದದ್ದು 940. ಅಂದರೆ 18 ಚೀಲ. ಟ್ರೈಲರ್ ಕಟ್ಟಿದ ದಿನ ಪಿಕಪ್ಪಿನಲ್ಲೂ ಎಂದಿನಷ್ಟೇ ತುಂಬಿದರೆ ಹಿಂದಿನ ಅಚ್ಚು ಕುಸಿದು ಮುಂದಿನ ಗಾಲಿ ಹಗುರಾಗುತ್ತದೆ. ಚಕ್ರ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗಲು ನೋಡುವುದು ಆಗ.

ಮೂಕಿಯ ಭಾರದ ಮಾತು ಬಂದಾಗ ನಮ್ಮ ತಂದೆಯವರ ಎತ್ತಿನ ಗಾಡಿ ನೆನಪಾಗುತ್ತದೆ. ಗಾಡಿ ಹೇರುವಾಗ ಅವರು ನೊಗದ ಬಳಿ ನಿಂತು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಮುಂಭಾರ ಜಾಸ್ತಿಯಾದರೆ ಎತ್ತಿನ ಕೊರಳು ಬೀಳುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳನ್ನು ಕಣ್ಣಿ ಬಿಗಿಯುತ್ತದೆ. ಹದವಾದ ಸ್ವಲ್ಪ ಮುಂಭಾರವೇ ಸರಿ. ಪದವಿ ಓದಿ, ಜೀಪು ಓಡಿಸಿ ಆ ವಿದ್ಯೆಯನ್ನು ನಾವು ಮರೆತೆವು. ಎರಡು ಗಾಲಿಯ ಟ್ರೈಲರಿಗೂ ನಿಯಮ ಅದೇ. ಹೊರೆ ಸಮೇತ ಟ್ರೈಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಕೊಕ್ಕೆಯ ಮೇಲಿರಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸುತ್ತದೆ. ವಿಪರೀತವಾದರೆ ಎಳೆಯುವ ಗಾಡಿಯ ಮುಂದಿನ ಗಾಲಿ ನೆಲ ಹಿಡಿಯುವುದಿಲ್ಲ. ಕೊಕ್ಕೆಯ ಮೇಲೆ ಎಷ್ಟು ಭಾರ ಇಳಿಸಬಹುದೆಂದು ತಯಾರಕರು ಹೇಳಿದ್ದರೆ ಅದನ್ನೂ ಮೀರುವಂತಿಲ್ಲ.

ಇದನ್ನು ಅಳೆಯಲು ವೇ ಬ್ರಿಡ್ಜಿಗೆ ಹೋಗಬೇಕಾಗಿಲ್ಲ. ಚೀಲ ತೂಗುವ ಪ್ಲಾಟ್‌ಫಾರಂ ತಕ್ಕಡಿ ಹೆಚ್ಚಿನವರ ಕಣದಲ್ಲಿದೆ. ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಎರಡೂ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಹೊರೆ ತುಂಬಿದ ಮೇಲೆ ಮೂಕಿಯ ಕೆಳಗೆ ತಕ್ಕಡಿಯಿಟ್ಟು, ಗಾಡಿಗೆ ಕಟ್ಟಿದಾಗ ಮೂಕಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದ ಮರದ ದಿಮ್ಮಿಯ ಮೇಲೆ ಅದನ್ನು ಇಳಿಸಿ. ದಿಮ್ಮಿಯ ತೂಕ ಕಳೆದರೆ ಉಳಿದದ್ದೇ ಕೊಕ್ಕೆಯ ಭಾರ. ತುಂಬುವಾಗ ಮೂಕಿಯ ಹತ್ತಿರ ಯಾರೂ ಕಾಲು ಇಡಬಾರದು. ಹಿಂಭಾರವಾದರೆ ಅದು ಏತದ ಹಾಗೆ ಏಳುತ್ತದೆ.

ತಕ್ಕಡಿ ಇಲ್ಲದಿದ್ದರೆ ಅಡಿಕೋಲು ಸಾಕು. ನಮ್ಮ ಟ್ರೈಲರಿನಲ್ಲಿ ಕೊಕ್ಕೆಯಿಂದ ಅಚ್ಚಿಗೆ 9 ಅಡಿ. ಅಚ್ಚಿನಿಂದ 3 ಅಡಿ ಮುಂದಿಟ್ಟ ಚೀಲ ತನ್ನ ತೂಕದ ಒಂಬತ್ತರಲ್ಲಿ ಮೂರು ಭಾಗ, ಅಂದರೆ ಸುಮಾರು 17 ಕೆ.ಜಿ.ಯನ್ನು ಕೊಕ್ಕೆಗೆ ಹಾಕುತ್ತದೆ. ಅದೇ ಚೀಲವನ್ನು 3 ಅಡಿ ಹಿಂದಿಟ್ಟರೆ ಅಷ್ಟನ್ನೇ ಕೊಕ್ಕೆಯಿಂದ ಎತ್ತುತ್ತದೆ. ಈಗ ಆ ಡಿಸೆಂಬರಿನ ಲೆಕ್ಕ ನೋಡಿ. ಖಾಲಿ ಟ್ರೈಲರ್ 300 ಕೆ.ಜಿ., ಅದರ ಮೂಕಿಯ ಭಾರ 40. ಅಚ್ಚಿನ ಮುಂದೆ ಸರಾಸರಿ ಒಂದೂವರೆ ಅಡಿಯಲ್ಲಿ ನಾಲ್ಕು ಚೀಲವಿತ್ತು, ಅದರಿಂದ ಸೇರಿದ್ದು 33. ಹಿಂದೆ ಸರಾಸರಿ ಎರಡು ಅಡಿಯಲ್ಲಿ ಹತ್ತು ಚೀಲವಿತ್ತು, ಅದರಿಂದ ಕಳೆದದ್ದು 111. ನಲವತ್ತು, ಮೂವತ್ತಮೂರು ಸೇರಿ 73. ಅದರಲ್ಲಿ 111 ಕಳೆದರೆ ಸೊನ್ನೆಗೂ ಕೆಳಗೆ 38. ಕೊಕ್ಕೆಯ ಮೇಲೆ ಭಾರವೇ ಇರಲಿಲ್ಲ, ಟ್ರೈಲರ್ ಜೀಪಿನ ಬಾಲವನ್ನು 38 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತಿತ್ತು. ಹಿಂದಿನ ತುದಿಯಲ್ಲಿ, ಅಚ್ಚಿನಿಂದ 3 ಅಡಿ ದೂರ ಕುಳಿತಿದ್ದ ಆ ಮನುಷ್ಯರ 60 ಕೆ.ಜಿ. ಇನ್ನೂ 20 ಸೇರಿಸಿತು. ಒಟ್ಟು ಹೊರೆ ಮಿತಿಯೊಳಗೇ ಇತ್ತು ಎಂಬುದನ್ನು ಗಮನಿಸಬೇಕು. ಹನ್ನೊಂದು ಚೀಲ ಮುಂದೆ, ಮೂರು ಹಿಂದೆ ಇಟ್ಟು, ಅವರನ್ನು ಜೀಪಿನೊಳಗೆ ಕೂರಿಸಿಕೊಂಡಿದ್ದರೆ ಕೊಕ್ಕೆಯ ಮೇಲೆ 98 ಕೆ.ಜಿ. ಇರುತ್ತಿತ್ತು; ಸಾವಿರ ಕೆ.ಜಿ.ಯ ಟ್ರೈಲರಿಗೆ ಬೇಕಾದಷ್ಟು. ಕೂಲಿ ಕೊಡದೆ, ಡೀಸೆಲ್ ಸುಡದೆ, ಹತ್ತು ನಿಮಿಷದಲ್ಲಿ ಆಗುತ್ತಿದ್ದ ಕೆಲಸ.

ಟ್ರೈಲರಿನ ಮೇಲೆ ಜನರನ್ನು ಕೂರಿಸುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆಯೆಂದರೆ, ಬೇಡವೆಂದವರನ್ನೇ ವಿಚಿತ್ರವಾಗಿ ನೋಡುತ್ತಾರೆ. ಸರಕು ಗಾಡಿಯಲ್ಲಿ ಪುಕ್ಕಟೆ ಪ್ರಯಾಣ ಮಾಡುವವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರಿನಲ್ಲೇ ಹೇಳಿದೆ. ವಿಮೆ ಇದ್ದರೂ ಇಲ್ಲದಿದ್ದರೂ ಮುರಿದ ತೊಡೆ ಹಿಂದಿನಂತಾಗುವುದಿಲ್ಲ.

ಹಿಂಭಾರವಾಗದಂತೆ ತುಂಬಿದರೂ ಇಳಿಜಾರಿನ ಕಷ್ಟ ಬೇರೆಯೇ ಇದೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಪ್ರತಿ ಟನ್ ಹೊರೆ ಸುಮಾರು 100 ಕೆ.ಜಿ. ಬಲದಿಂದ ಮುಂದಿನ ಗಾಡಿಯನ್ನು ನೂಕುತ್ತದೆ. ಸಣ್ಣ ಟ್ರೈಲರುಗಳಿಗೆ ಬ್ರೇಕ್ ಇಲ್ಲದಿದ್ದರೆ ಅಷ್ಟನ್ನೂ ಎಳೆಯುವ ಗಾಡಿಯ ಬ್ರೇಕೇ ಹೊರಬೇಕು. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವವರಿಗೆ ಹೇಳುವುದು ಏನೂ ಇಲ್ಲ. ಟ್ರೈಲರ್ ಬಾಲ ಆಡಿಸತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಕ್ರ ನೇರ ಹಿಡಿದು ನಿಧಾನವಾಗಲು ಬಿಡಬೇಕು. ಜೋರಾಗಿ ಬ್ರೇಕ್ ಒತ್ತುವುದು ನಾವು ಮಾಡಿದ ತಪ್ಪು. ಟ್ರ್ಯಾಕ್ಟರ್ ಇರುವವರು ರಸ್ತೆಗೆ ಇಳಿಯುವ ಮೊದಲು ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿಕೊಳ್ಳಬೇಕು. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಸೆಳೆದು, ಹಿಂದಿನಿಂದ ಟ್ರಾಲಿ ಬಂದು ಮಗುಚುತ್ತದೆ.

ಪವರ್ ಟಿಲ್ಲರ್ ಇರುವ ಸದಸ್ಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಆರಂಭವಾಗಿ ಬೆಂಗಳೂರಿನ ಪೂರ್ವಕ್ಕೆ ಮಹದೇವಪುರದಲ್ಲಿ ಟಿಲ್ಲರ್ ತಯಾರಿಸತೊಡಗಿದ ಮೇಲೆ ಅಡಿಕೆ ತೋಟಗಳಿಗೆ ಈ ಯಂತ್ರ ಹೊಕ್ಕಿತು. ಉಳುವುದಕ್ಕಿಂತ ಟ್ರೈಲರ್ ಎಳೆಯಲು ಅದನ್ನು ಹೆಚ್ಚು ಬಳಸುವವರೂ ಇದ್ದಾರೆ. ಸಮನೆಲದಲ್ಲಿ ಎಡಗೈಯ ಸ್ಟೀರಿಂಗ್ ಕ್ಲಚ್ ಹಿಡಿದರೆ ಎಡಗಾಲಿಗೆ ಶಕ್ತಿ ನಿಲ್ಲುತ್ತದೆ, ಬಲಗಾಲಿ ಮುಂದೆ ಹೋಗುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಹೊರೆ ನೂಕುವ ಇಳಿಜಾರಿನಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಎಂಜಿನ್ ಎರಡೂ ಗಾಲಿಯನ್ನು ಹಿಡಿದು ನಿಲ್ಲಿಸುತ್ತಿರುತ್ತದೆ. ಎಡ ಕ್ಲಚ್ ಹಿಡಿದೊಡನೆ ಎಡಗಾಲಿ ಬಿಡುಗಡೆಯಾಗಿ ಮುಂದೋಡುತ್ತದೆ, ಹಿಡಿತದಲ್ಲಿರುವ ಬಲಗಾಲಿ ಹಿಂದುಳಿಯುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಎಡದ ಬರೆಯ ಕಡೆ ತಿರುಗಿಸಲು ಹೋದವನು ಬಲದ ಕಂದಕಕ್ಕೆ ಹೋಗುವುದು ಹೀಗೆ. ಹೊಸದಾಗಿ ಟಿಲ್ಲರ್ ಹಿಡಿಯುವ ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಖಾಲಿ ಟ್ರೈಲರಿನಲ್ಲಿ, ಸಣ್ಣ ಇಳಿಜಾರಿನಲ್ಲಿ ಮಾಡಿ ತೋರಿಸಬೇಕು. ಇಳಿಯುವಾಗ ಕಡಿಮೆ ಗೇರು, ಟ್ರೈಲರಿನ ಕಾಲು ಬ್ರೇಕು, ಹ್ಯಾಂಡಲನ್ನು ಕೈಬಲದಿಂದಲೇ ತಿರುಗಿಸುವುದು. ಕ್ಲಚ್ ಮುಟ್ಟಬಾರದು. ಕಡಿದಾದ ತಿರುವಿದ್ದರೆ ಅದಕ್ಕೂ ಮೊದಲೇ ಅರ್ಧ ಹೊರೆ ಇಳಿಸುವುದು ಲೇಸು.

ಹೊರೆಯ ಜಾತಿಯೂ ಮುಖ್ಯ. ಟ್ರೈಲರ್ ತುಂಬಿತೆಂದರೆ ಮಿತಿ ಮುಟ್ಟಿತು ಎಂಬುದು ಕಾಫಿ ಸಿಪ್ಪೆಗೆ ಸರಿ ಹೋದೀತು, ಮರಳಿಗಲ್ಲ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ರಾಲಿ 90 ಘನ ಅಡಿ. ಒಣ ಮರಳು ಘನ ಅಡಿಗೆ ಸುಮಾರು 45 ಕೆ.ಜಿ. ಅಂದರೆ ನಾಲ್ಕು ಟನ್ನಿಗೂ ಮೇಲೆ, ಒದ್ದೆಯಾದರೆ ಇನ್ನೂ ಹೆಚ್ಚು. ಗೊಬ್ಬರದ ಚೀಲಗಳಲ್ಲಿ ಯೂರಿಯಾ 2018ರಿಂದ 45 ಕೆ.ಜಿ., ಉಳಿದವು ಹೆಚ್ಚಾಗಿ 50. ಎಲ್ಲವನ್ನೂ ಒಂದೇ ಎಂದು ಎಣಿಸಬೇಡಿ. ಬೋರ್ಡೋ ದ್ರಾವಣದ ಕಾಲದಲ್ಲಿ ನೀರಿನ ಬ್ಯಾರಲ್ ಒಯ್ಯುವವರು, 200 ಲೀಟರಿನ ಬ್ಯಾರಲ್ ಎಂದರೆ 200 ಕೆ.ಜಿ. ನೀರು ಎಂದು ನೆನಪಿಡಬೇಕು. ಪೂರ್ತಿ ತುಂಬಿದ ಬ್ಯಾರಲಿಗಿಂತ ಅರ್ಧ ತುಂಬಿದ್ದು ಹೆಚ್ಚು ಅಪಾಯ. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗಿ, ಏರಿನಲ್ಲಿ ಹಿಂದಕ್ಕೆ ಸರಿದು, ತಕ್ಕಡಿಯಲ್ಲಿ ಹದ ಮಾಡಿದ ಮುಂಭಾರ ಹತ್ತು ಗಜದಲ್ಲಿ ಹಿಂಭಾರವಾಗಿರುತ್ತದೆ.

ಹಳೆಯ ಟ್ರೈಲರ್ ಕೊಳ್ಳುವವರಿಗೆ ಒಂದೆರಡು ಮಾತು. ಕಾಗದವಿಲ್ಲದ್ದನ್ನು ಅಗ್ಗವೆಂದು ತರಬೇಡಿ. ಕೊಕ್ಕೆ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ್ದಿರಬೇಕು. ಬಂಪರಿಗೆ ಬೆಸುಗೆ ಹಾಕಿದ್ದು ಕೊಕ್ಕೆಯಲ್ಲ, ಅಲಂಕಾರ. ಪಿನ್ನಿಗೆ ಕ್ಲಿಪ್ಪು, ಕೊಕ್ಕೆ ಬಿಟ್ಟರೂ ಮೂಕಿ ನೆಲಕ್ಕೆ ಬೀಳದಂತೆ ಕೆಳಗೆ ಕತ್ತರಿಯಾಗಿ ಎರಡು ಸರಪಳಿ, ಹಿಂದೆ ಕೆಂಪು ದೀಪ, ಇಷ್ಟಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ನಾವು ನೋಡಿದ ಟ್ರೈಲರಿನ ಟೈರಿನಲ್ಲಿ ಹೂವು ಚೆನ್ನಾಗಿಯೇ ಇತ್ತು, ವಯಸ್ಸು ಮಾತ್ರ ಹನ್ನೊಂದು ವರ್ಷ. ಮಿಲಿಟರಿಯ ಹಳೆಯ ಟ್ರೈಲರುಗಳ ಮೇಲೆ ಮೋಹವಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಎರಡನೇ ಮಹಾಯುದ್ಧದ ಜೀಪಿನ ಹಿಂದಿದ್ದ ಕಾಲು ಟನ್ನಿನ ಟ್ರೈಲರಿಗೆ ಕಚ್ಚಾ ದಾರಿಯಲ್ಲಿ ಗೊತ್ತುಮಾಡಿದ್ದ ಹೊರೆ 500 ಪೌಂಡು, ಸುಮಾರು 227 ಕೆ.ಜಿ. ನಮ್ಮ ಲೆಕ್ಕಕ್ಕೆ ನಾಲ್ಕೂವರೆ ಚೀಲ. ಯುದ್ಧ ಮಾಡಿದವರು ಅಷ್ಟಕ್ಕೇ ನಿಲ್ಲಿಸಿದ್ದರು.

ಆ ದಿನ ಶಿವಾಜಿನಗರದಿಂದ ಟ್ರೈಲರಿಲ್ಲದೆ ಹಿಂತಿರುಗಿದೆವು. ಪಿಕಪ್ಪಿನ ಸದಸ್ಯರು ಈಗ ನೆರೆಯ ಇಬ್ಬರೊಡನೆ ಕೂಡಿ ಒಂದೇ ಲಾರಿಗೆ ಹೇಳುತ್ತಾರೆ. ನಮ್ಮ ಟ್ರೈಲರನ್ನು ರಿಪೇರಿ ಮಾಡಿಸಿದ್ದೇವೆ. ಅಚ್ಚಿನ ನೇರಕ್ಕೆ ಎರಡೂ ಪಕ್ಕದ ಹಲಗೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆಸಿದ್ದೇವೆ. ಚೀಲ ಹೇರುವವರು ಈಗ ಆ ಗೆರೆ ನೋಡಿಕೊಂಡೇ ಹೇರುತ್ತಾರೆ.

ಸಂಘದ ಗೋದಾಮಿನ ಪ್ಲಾಟ್‌ಫಾರಂ ತಕ್ಕಡಿಯನ್ನು ಕೊಯ್ಲು ಶುರುವಾಗುವ ಮೊದಲು ಮೂಕಿ ತೂಗಲು ಸದಸ್ಯರಿಗೆ ಕೊಡಲಾಗುವುದು. ಶುಲ್ಕವಿಲ್ಲ. ಬರುವಾಗ ಗಾಡಿಯ ಮತ್ತು ಟ್ರೈಲರಿನ ಆರ್.ಸಿ., ಗಾಡಿಯ ಕೈಪಿಡಿ, ಮತ್ತು ಎಂದಿನಂತೆ ನೀವು ಹೇರುವ ಹೊರೆ, ಇವನ್ನು ತರಬೇಕು. ಹೊರೆಯ ಮೇಲೆ ಯಾರನ್ನೂ ಕೂರಿಸಿಕೊಂಡು ಬರಬಾರದು.